ನೀಲಿ ಟೇಪು

ಮಾನಂದವಾಡಿ
26 ಜನವರಿ 2025, ಭಾನುವಾರ ಮಧ್ಯಾಹ್ನ

ಪ್ರೀತಿಯ ಲತಿಕ,

ನಾವೆಲ್ಲ ಚೆನ್ನಾಗಿದ್ದೇವೆ ಅಂತ ಬರೆಯಲು ಹೊರಟೆ, ನನಗೇ ಹೇಸಿಗೆಯಾಯಿತು. ಫೋನಿನಲ್ಲಾದರೆ ಇಷ್ಟು ಹೊತ್ತಿಗೆ ನಾಲ್ಕು ಸಲ ಅಳಿಸಿರುತ್ತಿದ್ದೆ, ಅದಕ್ಕೇ ಕಾಗದ. ಈ ಅಕ್ಷರಗಳೂ ನಿನ್ನವೇ. ನಮ್ಮ ಮನೆಯಲ್ಲಿ ಎಲ್ಲರೂ ಕನ್ನಡ ಆಡುತ್ತೇವೆ, ಶಾಲೆಯಲ್ಲಿ ಕಲಿತದ್ದು ಮಲಯಾಳಂ, ಕನ್ನಡ ಬರೆಯಲು ಬರುತ್ತಿದ್ದುದು ಅಜ್ಜಿಗೆ ಮಾತ್ರ, ಈಗ ಅವರಿಗೆ ಕಣ್ಣು ಕಾಣುವುದಿಲ್ಲ. ಎಚ್.ಡಿ. ಕೋಟೆಯ ಹಾಸ್ಟೆಲಿನಲ್ಲಿ ಏಳನೆಯವರೆಗೆ ಓದಿ ಬಂದ ನೀನು, ಟಿವಿಯಲ್ಲಿ ಗೇಮ್ ಶುರುವಾಗಲು ಕಾಯುವ ಹೊತ್ತಿನಲ್ಲಿ ನನಗೆ ಒತ್ತಕ್ಷರ ಕಲಿಸಿದೆ. ತಪ್ಪಿದ್ದರೆ ತಿದ್ದಿಕೋ.

ನೀನು ಬಂದು ಐದು ಭಾನುವಾರ ಆಯಿತು. ಕಾಲೇಜು ಬಿಟ್ಟಾಗ ನನ್ನನ್ನು ಕಂಡರೆ ಬೇರೆ ಬಸ್ಸು ಹತ್ತುತ್ತೀ. ಯಾಕೆ ಅಂತ ಕೇಳುವಷ್ಟು ನಾಚಿಕೆಗೆಟ್ಟವಳಲ್ಲ ನಾನು. ಕೊನೆಯ ಸಲ ಬಂದ ದಿನ ನೀನು ನೀರಿನ ಬಾಟಲಿ ಮರೆತೆ ಅಂತ ಗೇಟಿನಿಂದ ವಾಪಸು ಬಂದೆ. ಕಿಟಕಿಯೊಳಗೆ ಅಮ್ಮ ಹತ್ತಿಯನ್ನು ಡೆಟ್ಟಾಲಿನಲ್ಲಿ ಅದ್ದಿ ಗೇಮಿನ ಕಂಟ್ರೋಲರ್ ಒರೆಸುತ್ತಿದ್ದರು. ಮೂರರಲ್ಲಿ ಒಂದನ್ನು ಮಾತ್ರ. ನೀಲಿ ಟೇಪು ಸುತ್ತಿದ್ದನ್ನು, ನಿನ್ನದನ್ನು. ಗುಂಡಿಗಳ ಸಂದಿಗೆ ಹೇರ್‌ಪಿನ್ ತೂರಿಸಿ ತೂರಿಸಿ ಒರೆಸುತ್ತಿದ್ದರು. ನೀನು ಅದನ್ನು ನೋಡಿದೆ, ನಾನು ನಿನ್ನನ್ನು ನೋಡಿದೆ. ಬಾಟಲಿಯನ್ನೂ ತೆಗೆದುಕೊಳ್ಳದೆ ಹೋದೆ.

ನೀನು ಹೋದ ಮೇಲೆ ಅಮ್ಮನ ಹತ್ತಿರ ಜಗಳವಾಡಿದೆ. ಅವರಿಗೆ ಸಿಟ್ಟೇ ಬರಲಿಲ್ಲ. ಅವಳಿಗೆ ಬರಬೇಡ ಅಂದೆನಾ, ಒಂದು ದಿನವಾದರೂ ಹಸಿದ ಹೊಟ್ಟೆಯಲ್ಲಿ ಕಳಿಸಿದೆನಾ, ಅವಳ ತಾಯಿ ಜಾನು ಇಪ್ಪತ್ತು ವರ್ಷದಿಂದ ನಮ್ಮ ತೋಟದಲ್ಲೇ ಕಾಫಿ ಕೊಯ್ಯುತ್ತಿಲ್ಲವಾ ಅಂತ ಅಕ್ಕಿ ಆರಿಸುತ್ತಲೇ ಕೇಳಿದರು. ಅಜ್ಜಿಯ ಸಮಾಧಾನಕ್ಕೆ ಒರೆಸುವುದಂತೆ. ಕಣ್ಣು ಕಾಣದ ಅಜ್ಜಿಯ ಸಮಾಧಾನಕ್ಕೆ! ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯುವ ಜೈನರು ನಾವು. ಕಾಣದ ಜೀವಕ್ಕೂ ನೋವಾಗಬಾರದು ಅಂತ ಹೊತ್ತು ಮುಳುಗುವ ಮೊದಲೇ ಉಣ್ಣುತ್ತೇವೆ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಅನ್ನುತ್ತಾರಲ್ಲ, ಬದನೆಕಾಯಿಯನ್ನೂ ತಿನ್ನದ ನಾವು ಅದಕ್ಕಿಂತ ಕೀಳು.

ಸ್ನೇಹಾಗೆ ಎಲ್ಲ ಹೇಳಿದೆ. ಚಿಕ್ಕಪ್ಪನ ಮಗಳು, ನಮ್ಮ ಜೊತೆ ಇಷ್ಟು ದಿನ ಆಡಿದವಳು, ಅವಳಿಗಾದರೂ ಮುಟ್ಟುತ್ತದೆ ಅಂದುಕೊಂಡಿದ್ದೆ. ಹೋಗಲಿ ಬಿಡು, ಮೂರನೆಯವರು ಯಾರಾದರೂ ಸಿಗುತ್ತಾರೆ ಅಂದಳು. ಕಳೆದ ವಾರ ಪಕ್ಕದ ಮನೆಯ ಸುಮೇಶನನ್ನು ಕರೆದುಕೊಂಡೂ ಬಂದಳು.

ಗೇಮಿನ ಕೊನೆಯ ಬಾಗಿಲು ನಿನಗೆ ನೆನಪಿದೆ. ಬಂಡೆ ಎತ್ತುವವಳು ಸ್ನೇಹಾ, ಬಳ್ಳಿಯ ಸೇತುವೆ ಹೆಣೆಯುವವಳು ನಾನು, ದೀಪದವಳು ನೀನು. ಮೂವರೂ ಮೂರು ಕಲ್ಲಿನ ಮೇಲೆ ಒಟ್ಟಿಗೆ ನಿಂತರೆ ಮಾತ್ರ ತೆರೆಯುವುದು, ಒಬ್ಬರು ಬಿದ್ದರೂ ಎಲ್ಲರೂ ಮೊದಲಿಂದ. ಎರಡು ತಿಂಗಳು ಮೂವರೂ ಹಾರಿ ಹಾರಿ ಬಿದ್ದೆವು. ದೀಪ ಆರಿಸಿ ನೋಡೋಣ ಅಂದವಳು ನೀನು. ಕತ್ತಲಾದರೆ ಮಾತ್ರ ಕಾಣುವ ಮೆಟ್ಟಿಲು ಅಲ್ಲಿತ್ತು. ಅಷ್ಟರಲ್ಲಿ ನಿನ್ನ ಐದು ಗಂಟೆಯ ಬಸ್ಸಿಗೆ ಹೊತ್ತಾಯಿತು, ಬಾಗಿಲನ್ನು ಮುಂದಿನ ವಾರ ತೆರೆಯೋಣ ಅಂತ ನೀನು ಎದ್ದೆ. ಬಾಟಲಿ ಮರೆತದ್ದು ಅವತ್ತೇ.

ಸುಮೇಶ ಬಾಳೆಕಾಯಿ ಚಿಪ್ಸ್ ತಿನ್ನುತ್ತಲೇ ನಿನ್ನ ಕಂಟ್ರೋಲರ್ ಹಿಡಿದ. ಬೆರಳು ನೆಕ್ಕುತ್ತಾನೆ, ಅದೇ ಬೆರಳಲ್ಲಿ ಗುಂಡಿ ಒತ್ತುತ್ತಾನೆ. ನೀನು ಹುಡುಕಿದ ಮೆಟ್ಟಿಲು ಹತ್ತಿಸಿ ದೀಪದವಳನ್ನು ಕಲ್ಲಿನ ಮೇಲೆ ನಿಲ್ಲಿಸಿದ. ಸ್ನೇಹಾಳೂ ನಿಂತಳು. ನಾನೊಬ್ಬಳು ನಿಂತಿದ್ದರೆ ಮುಗಿಯುತ್ತಿತ್ತು. ನಾನು ಕಂದಕಕ್ಕೆ ಹಾರಿದೆ. ಸ್ನೇಹಾ ಬಾಯಿಗೆ ಬಂದಂತೆ ಬೈದಳು. ನೀನು ಇದನ್ನು ಧೈರ್ಯ ಅಂದುಕೊಳ್ಳಬೇಡ, ಗೇಮಿನಲ್ಲಿ ಹಾರುವುದಕ್ಕೆ ಏನು ಕಷ್ಟ. ಅವನು ಹೋದ ಮೇಲೆ ಅಮ್ಮ ಏನು ಮಾಡುತ್ತಾರೆ ಅಂತ ಕಾದು ಕುಳಿತೆ. ಜಿಡ್ಡು ಹಿಡಿದ ಕಂಟ್ರೋಲರನ್ನು ಹಾಗೆಯೇ ಎತ್ತಿ ಕಪಾಟಿನಲ್ಲಿಟ್ಟರು. ಮಾರನೆಯ ದಿನ ಅದಕ್ಕೆ ಇರುವೆ ಮುತ್ತಿದಾಗ, ಇರುವೆಗಳಿಗೆ ನೋವಾಗದ ಹಾಗೆ ಊದಿ ಕಳಿಸಿದರು. ಒರೆಸಲಿಲ್ಲ.

ಅಮ್ಮನನ್ನು ಬೈದದ್ದು ಸಾಕು. ನನಗೇನೂ ಗೊತ್ತಿರಲಿಲ್ಲ ಅಂತ ಬರೆದರೆ ನೀನು ನಂಬಿದರೂ ನಂಬಬಹುದು. ಗೊತ್ತಿತ್ತು ಲತಿಕ. ನನ್ನದಕ್ಕೆ ಯಾಕೆ ಆಸ್ಪತ್ರೆಯ ವಾಸನೆ ಅಂತ ಓಣಂ ರಜೆಯಲ್ಲಿ ನೀನು ಕೇಳಿದ್ದೆ, ಹೊಸ ಪ್ಲಾಸ್ಟಿಕ್ ಹಾಗೇ ಅಂತ ನಾನು ನಕ್ಕೆ. ಅಂಚಿನಲ್ಲಿ ನಗ್ಗಿದ ನಿನ್ನ ತಟ್ಟೆ ಹಿತ್ತಲ ಕಿಟಕಿಯ ಮೇಲೆ ಬೇರೆಯಾಗಿ ಒಣಗುತ್ತಿದ್ದುದನ್ನೂ ನೋಡಿದ್ದೇನೆ. ಸುಮ್ಮನಿದ್ದರೆ ನೀನು ಬರುತ್ತಿರುತ್ತೀ, ಆಟ ನಿಲ್ಲುವುದಿಲ್ಲ ಅಂತ ಸುಮ್ಮನಿದ್ದೆ. ನೀನು ಪ್ರತಿ ಸಲ ಕುಡಿಯುವ ನೀರನ್ನು ಮನೆಯಿಂದಲೇ ತರುತ್ತಿದ್ದೆಯಲ್ಲ, ನಿನಗೂ ಗೊತ್ತಿತ್ತಾ?

ನಮ್ಮ ಮನೆಗೆ ಬಾ ಅಂತ ಕರೆಯುವುದಿಲ್ಲ. ಮೂರು ವರ್ಷದ ಸ್ನೇಹದಲ್ಲಿ ನಾನು ನಿಮ್ಮ ಹಾಡಿಯ ಮನೆಗೆ ಒಮ್ಮೆಯೂ ಬಂದಿಲ್ಲ. ನೀನು ಹೂಂ ಅಂದರೆ ಮುಂದಿನ ಭಾನುವಾರ ಗೇಮನ್ನು ಚೀಲಕ್ಕೆ ಹಾಕಿಕೊಂಡು ಬರುತ್ತೇನೆ, ನಿಮ್ಮ ಟಿವಿಯಲ್ಲಿ ಆಡೋಣ. ಮೂರನೆಯವರನ್ನು ನೀನೇ ಆರಿಸು. ಬೇಡ ಅಂದರೆ ಬೇಡ, ಆ ಬಾಗಿಲು ಮುಚ್ಚಿಯೇ ಇರಲಿ. ಬಾಟಲಿಯನ್ನೂ ಈ ಕಾಗದವನ್ನೂ ನಾಳೆ ಕೊಯ್ಲಿಗೆ ಬಂದಾಗ ನಿನ್ನ ಅಮ್ಮನ ಕೈಯಲ್ಲಿ ಕೊಡುತ್ತೇನೆ.

ನೀನು ಇನ್ನೂ ಒಪ್ಪಿದರೆ, ನಿನ್ನ ಗೆಳತಿ
ಅಖಿಲ

ತಾ.ಕ.: ಕಾಗದ ಮಡಚಿ ಇಟ್ಟವಳು ಮತ್ತೆ ಬಿಚ್ಚಿದ್ದೇನೆ. ಆ ನೀಲಿ ಟೇಪನ್ನು ಮೊದಲ ಸಲ ಕಂಡ ದಿನ, ನಮ್ಮ ದೀಪದವಳ ಸೀರೆಯ ಬಣ್ಣ ಅಂತ ನೀನು ಎಷ್ಟು ಖುಷಿಪಟ್ಟೆ. ನನ್ನದಕ್ಕೆ ಮಾತ್ರ ಬಣ್ಣ ಇದೆ ಅಂತ ಸ್ನೇಹಾಗೂ ತೋರಿಸಿದೆ. ಹೌದು, ಅದಕ್ಕೇ ಸುತ್ತಿದ್ದು ಅಂದೆ ನಾನು. ಅದಕ್ಕಲ್ಲ. ನಿನ್ನದು ಯಾವುದು ಅಂತ ತಿಳಿಯದೆ ಅಮ್ಮ ಮೊದಲು ಮೂರನ್ನೂ ಒರೆಸುತ್ತಿದ್ದರು. ನನ್ನದಕ್ಕೂ ಆ ವಾಸನೆ ಹಿಡಿಯುತ್ತಿತ್ತು. ಅದಕ್ಕೇ ನಾನು ಸುತ್ತಿದೆ.