ಡಬ್ಬದೊಳಗಿನ ಹೊಲಿಗೆ

ಹಾರನಹಳ್ಳಿ
೨೧ ಸೆಪ್ಟೆಂಬರ್ ೨೦೦೩

ಪ್ರೀತಿಯ ಮಂಗಳಕ್ಕ,

ನಾವೆಲ್ಲ ಚೆನ್ನಾಗಿದ್ದೇವೆ. ನೀನು ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀಯಾ? ನಿನ್ನ ಕಾಗದಕ್ಕೆ ಉತ್ತರ ತಡವಾದದ್ದಕ್ಕೆ ಹೊಗೆಸೊಪ್ಪಿನ ಕೆಲಸವನ್ನು ದೂರಬಹುದಿತ್ತು. ನಿಜವೆಂದರೆ ಏನು ಬರೆಯಬೇಕೆಂದೇ ತಿಳಿಯಲಿಲ್ಲ, ಕ್ಷಮಿಸು. ಸಣ್ಣ ತೂತಿನ ಆಪರೇಷನ್ನಿನಲ್ಲಿ ನೀನು ಹೊಟ್ಟೆಯೊಳಗೆ ಹಾಕಿದ ಗಂಟು ಜಾರಿತೆಂದೂ, ಆ ಹೆಂಗಸಿನ ಹೊಟ್ಟೆ ಕೊಯ್ದು ಮತ್ತೆ ಹೊಲಿಯಬೇಕಾಯಿತೆಂದೂ ಬರೆದಿದ್ದೆ. ಅವರು ಬದುಕಿದರು, ಆದರೆ ನಾನಿನ್ನು ಸೂಜಿ ಮುಟ್ಟುವುದಿಲ್ಲ ಎಂದಿದ್ದೆ. ಅವ್ವನಿಗೆ ಓದಿ ಹೇಳುವಾಗ ಆ ಸಾಲನ್ನು ಅವಳು ಎರಡು ಸಲ ಓದಿಸಿದಳು.

ಬೇಸಿಗೆ ರಜೆಯ ಸಂಜೆಗಳು ನೆನಪಾಗುತ್ತವೆ. ಆಪರೇಷನ್ನಿನ ಅಭ್ಯಾಸಕ್ಕೆಂದು ನೀನು ಬಿಸ್ಕತ್ತಿನ ರಟ್ಟಿನ ಡಬ್ಬಕ್ಕೆ ತೂತು ಕೊರೆದು, ಉದ್ದನೆಯ ಇಕ್ಕಳ ತೂರಿಸಿ, ಒಳಗೆ ಬಟ್ಟೆಯ ಚೂರು ಹೊಲಿಯುತ್ತಿದ್ದೆ. ಮದುವೆ ವಿಡಿಯೋ ತೆಗೆಯುವ ಲಿಂಗರಾಜಣ್ಣನ ಕ್ಯಾಮೆರಾವನ್ನು ಇನ್ನೊಂದು ತೂತಿಗೆ ಹಿಡಿಯುವುದು ನನ್ನ ಪಾಲು, ಅದು ಟಿ.ವಿ.ಯಲ್ಲಿ ತೋರಿಸಿದ್ದನ್ನು ನೋಡಿಕೊಂಡು ಹೊಲಿಯುವುದು ನಿನ್ನ ಪಾಲು. ದಾರ ನೀರಿನೊಳಗಿನ ಬೇರಿನಂತೆ ತೇಲಿ ಬಂದು, ಇಕ್ಕಳದ ತುದಿಗೆ ಎರಡು ಸುತ್ತು ಸುತ್ತಿಕೊಂಡು, ಮೆಲ್ಲಗೆ ಕೂರುತ್ತಿತ್ತು. ನಾನು ಉಸಿರೆಳೆದರೆ ಟಿ.ವಿ.ಯೊಳಗಿನ ಆ ಲೋಕವೆಲ್ಲ ತೂಗುತ್ತಿತ್ತು.

ಎಳೆದರೆ ಗಂಟು ಬಿಚ್ಚಿಕೊಳ್ಳುತ್ತಿತ್ತು. ಎರಡನೆಯ ಸಲ ಎದುರು ದಿಕ್ಕಿಗೆ ಸುತ್ತಬೇಕು, ನನ್ನ ಕೈ ಮೊದಲು ಹೋದ ದಿಕ್ಕಿಗೇ ಹೋಗುತ್ತದೆ ಎಂದು ನೀನು ರೇಗುತ್ತಿದ್ದೆ. ಹೊಗೆಸೊಪ್ಪನ್ನು ಕಡ್ಡಿಗೆ ಕಟ್ಟುತ್ತಲೇ ಬೆಳೆದವರು ನಾವು. ಬೇಯಿಸಿ ಇಳಿಸಿದ ಮೇಲೆ ಒಂದೇ ಎಳೆತಕ್ಕೆ ಬಿಚ್ಚಬೇಕಾದ ಕಟ್ಟು ಅದು. ಅವ್ವ ನಕ್ಕಿದ್ದಳು. "ಡಾಕ್ಟ್ರಾದ್ರೂ ನಿಂದು ಸೊಪ್ಪಿನ ಕೈಯೇ ಕಣವ್ವ."

ಆದರೆ ನೀನು ಹೊರಡುವ ಹಿಂದಿನ ಸಂಜೆ ಹಾಕಿದ ಗಂಟು ನಾನು ಹಲ್ಲಿನಿಂದ ಎಳೆದರೂ ಜಾರಲಿಲ್ಲ. ಆಪರೇಷನ್ನಿನಲ್ಲಿ ಹೆದರಿದ ಗಳಿಗೆಯಲ್ಲಿ ನಿನ್ನ ಕೈ ಹಳೆಯ ದಾರಿ ಹಿಡಿದಿರಬೇಕು, ಅಷ್ಟೇ. ಮೊನ್ನೆ ಕನಸಿನಲ್ಲಿ ನಾನು ಆ ಡಬ್ಬದೊಳಗೇ ಇದ್ದೆ. ಮಸುಕು ಬೆಳಕು. ಎಲ್ಲಿಂದಲೋ ನಿನ್ನ ದಾರ ಇಳಿದು ಬಂದು ಕೆನ್ನೆ ಸವರಿ ಹೋಯಿತು. ನನಗೆ ಭಯವಾಗಲಿಲ್ಲ. ಎದುರಿಗಿದ್ದರೆ ಇಷ್ಟು ಮಾತು ನನ್ನ ಬಾಯಲ್ಲಿ ಬರುತ್ತಿರಲಿಲ್ಲ. ಡಬ್ಬ ಮತ್ತೆ ತೆಗೆ ಅಕ್ಕ.

ಅಪ್ಪ ಸೊಪ್ಪು ಬೇಯಿಸುವ ಬ್ಯಾರನ್ನಿನ ಒಲೆಗೆ ಸೌದೆ ಹಾಕುತ್ತಲೇ, ಮಗಳಿಗೆ ಒಳ್ಳೆಯದಾಗಲಿ ಅಂತ ಬರಿ ಎಂದರು. ಅವ್ವನ ಹರಕೆಯೂ ಅದೇ.

ನಿನ್ನ ತಂಗಿ,
ಶಾಂತಲಾ

ಮರೆತದ್ದಲ್ಲ, ಬರೆಯಲು ಧೈರ್ಯವಾಗದೆ ಉಳಿದದ್ದು: ಅವ್ವನಿಗೆ ಪಿತ್ತಕೋಶದಲ್ಲಿ ಕಲ್ಲಾಗಿದೆ. ಹುಣಸೂರಿನಲ್ಲಿ ಸ್ಕ್ಯಾನ್ ಮಾಡಿಸಿದೆವು. ನಿನ್ನ ಆಸ್ಪತ್ರೆ ಬೇಡ, ನಿನಗೆ ತಿಳಿಸುವುದೂ ಬೇಡ ಎಂದಳು. ನಿನ್ನ ಕೈ ಮೇಲೆ ನಂಬಿಕೆ ಹೋಯಿತೇ ಎಂದು ನಾನು ಸಿಟ್ಟಿನಿಂದ ಕೇಳಿಬಿಟ್ಟೆ. ಅವಳು ಸೊಪ್ಪಿನಿಂದ ಕಣ್ಣೆತ್ತಲಿಲ್ಲ. "ನನ್ನ ವಟ್ಟೆ ಯಾರಾದ್ರೂ ಕುಯ್ಲಿ ಬುಡು. ಅವಳ ಕೈಲಿ ನಂಗೇನಾರ ಆದ್ರೆ, ಅವಳು ಇನ್ಯಾರ್ಗೂ ವಲಿಯಾಕಿಲ್ಲ ಕಣವ್ವ."

ಮುಂದಿನ ಗುರುವಾರ ಹುಣಸೂರಿನಲ್ಲೇ ಆಪರೇಷನ್. ನೀನು ಬಾ. ಹೊರಗಿನ ಬೆಂಚಿನ ಮೇಲೆ ನನ್ನ ಪಕ್ಕ ಕೂತಿರು.