ತೈಯುವಾನಿನಲ್ಲಿ ನನ್ನ ಅರ್ಧ ಮುಖ

ಅಣ್ಣಾ,

ಮುಖದ ಲಕ್ವಕ್ಕೆ ಮದ್ದು ಮಾಡಿಸಲು ತೈಯುವಾನಿಗೆ ಬಂದು ಒಂಬತ್ತು ದಿನವಾಯಿತು. ನಮ್ಮ ಮೇಳದಲ್ಲಿ ಸುವೋನಾ ಓಲಗ ಊದುವ ಈ ಬಾಯಿ ಇನ್ನೂ ಎಡಗಡೆ ಜೋತೇ ಇದೆ. ಗಂಜಿ ಕುಡಿದರೆ ಅರ್ಧ ಅಂಗಿಯ ಪಾಲು. ಊದಲು ಹೋದರೆ ಗಾಳಿಯೆಲ್ಲ ಸೋರಿಹೋಗುತ್ತದೆ.

ಬೆಳಿಗ್ಗೆ ಏಳು ಜನರನ್ನು ಸಾಲಾಗಿ ಕೂರಿಸಿ ಮುಖಕ್ಕೆ ಸೂಜಿ ಚುಚ್ಚುತ್ತಾರೆ. ಎಲ್ಲರೂ ಮುಳ್ಳುಹಂದಿಗಳೇ. ವೈದ್ಯೆ ಚೂ ಅಮ್ಮನಿಗೆ ಎಪ್ಪತ್ತು ದಾಟಿದೆ. ಕೈ ಹಗುರ, ನಾಲಿಗೆ ಒರಟು. "ಸೂಜಿ ಇರೋವಾಗ ಯಾರೂ ನಗಬಾರ್ದು. ನಕ್ಕರೆ ಇನ್ನೆರಡು ಚುಚ್ತೀನಿ" ಎಂಬುದು ಅವರ ಆಜ್ಞೆ.

ನಿನ್ನೆ ಎಲ್ಲರೂ ಉಸಿರು ಬಿಗಿಹಿಡಿದು ಕೂತಿದ್ದಾಗ, ನನ್ನ ಪಕ್ಕದ ನಿವೃತ್ತ ಹೆಡ್‌ಮಾಸ್ತರ್ ಬಾವೊ ಉದ್ದಕ್ಕೆ ಹೂಸು ಬಿಟ್ಟರು. ಬಿಟ್ಟು, ತರಗತಿಯಲ್ಲಿ ನಿಂತವರಷ್ಟು ಗಂಭೀರವಾಗಿ, "ಕ್ಷಮಿಸಿ, ಅದು ಕಷಾಯದ್ದು" ಎಂದರು. ಉಳಿದ ಆರೂ ಸೊಟ್ಟ ಮುಖಗಳು ಒಟ್ಟಿಗೆ ನಕ್ಕವು, ಸೂಜಿಗಳೆಲ್ಲ ಕುಣಿದವು. ಬೈಯಲು ಓಡಿಬಂದ ಚೂ ಅಮ್ಮ ನನ್ನೆದುರು ನಿಂತೇಬಿಟ್ಟರು.

"ಲೋ, ನಿನ್ ಎಡಗಡೆ ತುಟಿ ಅಲ್ಲಾಡ್ತು ಕಣೋ! ಇನ್ನೊಂದ್ಸಲ ನಗು, ನೋಡೋಣ!"

ನಗು ಬರಲಿಲ್ಲ, ಅಣ್ಣಾ. ಅಳು ಬಂತು. ಅತ್ತಾಗಲೂ ಆ ತುಟಿ ಅದುರಿತು.

ಇನ್ನೂ ಮೂರು ವಾರ ಇಲ್ಲೇ ಇರಬೇಕಂತೆ. ಕಷಾಯ ಕತ್ತೆಯ ಗಂಜಲದಂತಿದೆ, ಆದರೂ ಕುಡಿಯುತ್ತಿದ್ದೇನೆ. ಅತ್ತಿಗೆಗೆ ಚಿಂತೆ ಬೇಡವೆಂದು ಹೇಳು. ಹಾವೊ ಮನೆಯ ಮದುವೆಗೆ ಊದಲು ಬೇರೆ ಯಾರನ್ನಾದರೂ ಗೊತ್ತುಮಾಡು. ನನಗಿಂತ ಚೆನ್ನಾಗಿ ಊದುವವನನ್ನು ಮಾತ್ರ ಕರೆಯಬೇಡ.

ಅಂಚೆಯವನು ಬಾಗಿಲಲ್ಲಿದ್ದಾನೆ.

ನಿನ್ನ ತಮ್ಮ,
ಯಾನ್‌ಶೆಂಗ್