ನಮ್ಮ ಮಗ್ಗದ ಹೆಂಗಸರಿಗೆ ಕಿವಿ ಕೇಳಿಸುವುದಿಲ್ಲ, ಮಾನ್ಯರೇ

ವಿಶ್ವವಿದ್ಯಾಲಯದ ಸಂಶೋಧನಾ ನಿರ್ದೇಶಕರಿಗೆ,

ಮಾನ್ಯರೇ, ಬರುವ ವಾರ ನೀವು ಶಾಲು ಹೊದಿಸಿ ಸನ್ಮಾನಿಸಲಿರುವ ಸಂಶೋಧನೆ ತಪ್ಪು. ಅದನ್ನು ತಪ್ಪಾಗಿಸಿದವಳು ನಾನು. ಇದನ್ನು ನಿಮ್ಮ ಕೋಣೆಗೆ ಬಂದು ಹೇಳಿದೆ, ಆಮೇಲೆ ಬರವಣಿಗೆಯಲ್ಲೂ ಕೊಟ್ಟೆ. ಈಗ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ, ಈ ಸಲವಾದರೂ ನಿಮ್ಮ ಕಿವಿಗೆ ಬಿದ್ದೀತೆಂಬ ಆಸೆಯಿಂದ.

ವಿಷಯ ಗೊತ್ತಿಲ್ಲದವರಿಗಾಗಿ ಮೊದಲಿನಿಂದ ಹೇಳಿಬಿಡುತ್ತೇನೆ. ದೊಡ್ಡಬಳ್ಳಾಪುರದ ನಮ್ಮ ಬೀದಿಗಳಲ್ಲಿ ಮನೆಮನೆಗೂ ವಿದ್ಯುತ್ ಮಗ್ಗ. ಬೆಳಗಿನಿಂದ ಸಂಜೆಯವರೆಗೆ ಆ ಸದ್ದಿನಲ್ಲೇ ದುಡಿಯುವವರ ಕಿವಿ ಉಳಿಸಬೇಕೆಂದು ನಿಮ್ಮ ವಿಶ್ವವಿದ್ಯಾಲಯ ಒಂದು ಯೋಜನೆ ಹೂಡಿತು. ಎಂಜಿನಿಯರಿಂಗ್ ವಿಭಾಗದವರು ಸದ್ದು ತಗ್ಗಿಸಲು ಮಗ್ಗದ ಕಾಲಡಿಗೆ ರಬ್ಬರ್ ಪ್ಯಾಡ್ ತಯಾರಿಸಿದರು. ಪ್ಯಾಡ್ ಹಾಕಿ ವರ್ಷವಾದ ಮೇಲೆ ವೈದ್ಯಕೀಯ ವಿಭಾಗದವರು ಕೆಲಸದವರ ಕಿವಿ ಪರೀಕ್ಷಿಸಿದರು. ಇದರಿಂದ ಮಗ್ಗದ ಮಾಲೀಕರಿಗೆ ಎಷ್ಟು ಲಾಭವೆಂದು ಲೆಕ್ಕ ಹಾಕಲು ವಾಣಿಜ್ಯ ವಿಭಾಗದಿಂದ ನಾನು ಸೇರಿಕೊಂಡೆ. ಮೂರು ವಿಭಾಗಗಳು ಕೂಡಿ ಒಂದೇ ಪ್ರಬಂಧ ಬರೆದದ್ದು ಇದೇ ಮೊದಲೆಂದು ನೀವು ಸಭೆಯಲ್ಲಿ ಬೆನ್ನು ತಟ್ಟಿದಿರಿ. ನಾನೂ ಹಿಗ್ಗಿದೆ, ಅದನ್ನು ಮುಚ್ಚಿಡುವುದೇಕೆ?

ನನ್ನನ್ನು ಆರಿಸಿಕೊಳ್ಳಲು ಇನ್ನೊಂದು ಕಾರಣವೂ ಇತ್ತು. ನಾನು ಅದೇ ಬೀದಿಯವಳು. ನನ್ನನ್ನು ಸಾಕಿದ ಚಿಕ್ಕಮ್ಮ ಗಂಗಲಕ್ಷ್ಮಮ್ಮ ಹೋದ ತಿಂಗಳವರೆಗೂ ಮಗ್ಗದ ಕೆಲಸಕ್ಕೆ ಹೋಗುತ್ತಿದ್ದಳು. ಅವಳ ಕೂಲಿಯಲ್ಲೇ ನಾನು ಎಂ.ಕಾಂ. ಮಾಡಿದ್ದು. ನಾನು ಕರೆದರೆ ಹೆಂಗಸರು ಪರೀಕ್ಷೆಗೆ ಬರುತ್ತಾರೆಂದು ನಿಮಗೆ ಗೊತ್ತಿತ್ತು. ಬಂದರು, ಹಬ್ಬಕ್ಕೆ ಬಂದಂತೆ ಒಳ್ಳೆ ಸೀರೆ ಉಟ್ಟು ಬಂದರು.

ಪರೀಕ್ಷೆಗೆ ಬಂದಿದ್ದ ಕಿರಿಯ ವೈದ್ಯ ಅಂಬರೀಶ್ ಸಮುದಾಯ ಭವನದಲ್ಲಿ ಕುರ್ಚಿಯನ್ನು ಸರಿಯಾಗಿಯೇ ಹಾಕಿದ್ದರು, ಗೋಡೆಗೆ ಮುಖಮಾಡಿ. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೂರಬೇಕು, ಹಿಂದೆ ಕೂತ ವೈದ್ಯರು ಗುಂಡಿ ಒತ್ತುತ್ತಾರೆ, ಸದ್ದು ಕೇಳಿದರೆ ಕೈ ಎತ್ತಬೇಕು. ನಮ್ಮ ಚಿಕ್ಕಮ್ಮ ಕುರ್ಚಿಯ ಹತ್ತಿರ ಹೋಗಿ ನಿಂತುಬಿಟ್ಟಳು.

"ಡಾಕ್ಟ್ರಿಗೆ ಬೆನ್ನು ತೋರಿಸ್ಕೊಂಡು ಕೂತ್ಕೊಳ್ಳಾದಾ? ಅದೇನ್ ಮರ್ಯಾದೆನವ್ವಾ?" ಅಂದಳು. ಹಿಂದಿದ್ದವರೂ ತಲೆಯಾಡಿಸಿದರು. ಮನೆಗೆ ಬಂದವರಿಗೆ ಬೆನ್ನು ಮಾಡಿ ಕೂರುವುದು ನಮ್ಮಲ್ಲಿ ಅವಮಾನ ಮಾಡಿದಂತೆ. ನಾನೇ ಹೋಗಿ ಕುರ್ಚಿಯನ್ನು ವೈದ್ಯರ ಕಡೆ ತಿರುಗಿಸಿದೆ.

"ಮೇಡಂ, ಅದು ಹಾಗೇ ಇರ್ಬೇಕಿತ್ತು" ಎಂದರು ಅಂಬರೀಶ್.

"ಹೋಗ್ಲಿ ಬಿಡಿ ಡಾಕ್ಟ್ರೇ, ದೊಡ್ಡೋರು, ಅವರಿಗೆ ಮುಜುಗರ ಆಗುತ್ತೆ" ಎಂದೆ. ಹೊರಗೆ ಸಾಲು ಉದ್ದವಿತ್ತು, ಅವರು ಹೆಡ್‌ಫೋನ್ ಕೈಗೆತ್ತಿಕೊಂಡರು. ಸಂಜೆಯ ಹೊತ್ತಿಗೆ ಎಲ್ಲ ಹೆಂಗಸರ ಕಿವಿಯೂ ಚೆನ್ನಾಗಿದೆಯೆಂದು ಫಲಿತಾಂಶ ಬಂತು. ಪ್ಯಾಡ್ ಗೆದ್ದಿತು. ನನ್ನ ಲಾಭದ ಲೆಕ್ಕವೂ ಗೆದ್ದಿತು, ನಾವೆಲ್ಲ ಮೈಸೂರುಪಾಕ್ ತಿಂದೆವು.

ಹೋದ ತಿಂಗಳು ಚಿಕ್ಕಮ್ಮನ ಜೊತೆ ಸಂತೆಗೆ ಹೋಗಿದ್ದೆ. ಅವಳು ನನಗಿಂತ ಮುಂದೆ ನಡೆಯುತ್ತಿದ್ದಳು. ಹಾಲಿನ ಟೆಂಪೊ ಒಂದು ಹಿಮ್ಮುಖವಾಗಿ ಅವಳ ಕಡೆಗೇ ಬರುತ್ತಿತ್ತು. "ಚಿಕ್ಕಮ್ಮಾ!" ಎಂದು ಗಂಟಲು ಹರಿಯುವಂತೆ ಕೂಗಿದೆ. ಸಂತೆಯವರೆಲ್ಲ ತಿರುಗಿ ನೋಡಿದರು. ಅವಳೊಬ್ಬಳು ತಿರುಗಲಿಲ್ಲ.

ಜೀವಕ್ಕೆ ಅಪಾಯವಾಗಲಿಲ್ಲ, ಬಲಗೈ ಮುರಿಯಿತು. ಆಸ್ಪತ್ರೆಯಲ್ಲಿ ಮಂಚದ ಹಿಂದೆ ನಿಂತು ಮತ್ತೆ ಕರೆದೆ, ಉತ್ತರವಿಲ್ಲ. ಎದುರಿಗೆ ಬಂದು ಮೆಲ್ಲಗೆ ಕೇಳಿದರೆ ಎಲ್ಲಕ್ಕೂ ಉತ್ತರ. ಹಾಗಾದರೆ ಆವತ್ತು ಪರೀಕ್ಷೆಯಲ್ಲಿ ಸದ್ದು ಹೇಗೆ ಕೇಳಿಸಿತೆಂದು ಕೇಳಿದೆ.

"ಸದ್ದೆಲ್ಲಿ ಕೇಳುಸ್ತು? ಆ ಡಾಕ್ಟ್ರು ಗುಂಡಿ ಒತ್ತೋವಾಗೆಲ್ಲ ಹುಬ್ಬು ಮೇಲೆತ್ತೋರು. ಅವಾಗ ಕೈ ಎತ್ತಿದೆ. ಮಿಕ್ಕೋರ್ಗೂ ಹೇಳ್ಕೊಟ್ಟೆ ಕಣವ್ವಾ" ಎಂದಳು. ಮೋಸ ಮಾಡಿದೆನೆಂಬ ಅಳುಕೇ ಅವಳಿಗಿಲ್ಲ. ಹೇಗಿರುತ್ತದೆ? ಮಗ್ಗದ ಸದ್ದಿನಲ್ಲಿ ಯಾರ ಮಾತೂ ಯಾರಿಗೂ ಕೇಳುವುದಿಲ್ಲ. ತುಟಿ, ಹುಬ್ಬು, ಕೈಸನ್ನೆ ನೋಡಿಯೇ ಮಾತಾಡುತ್ತಾರೆ. ಅವರಿಗೆ ಕೇಳುವುದೆಂದರೆ ಮುಖ ನೋಡುವುದು. ಆ ಬೀದಿಯಲ್ಲೇ ಬೆಳೆದ ನನಗೆ ಇದು ಗೊತ್ತಿರಲಿಲ್ಲವೇ? ಗೊತ್ತಿತ್ತು, ಮಾನ್ಯರೇ. ಮರ್ಯಾದೆ ಉಳಿಸುವ ಅವಸರದಲ್ಲಿ ಯೋಚಿಸಲಿಲ್ಲ.

ಅಂಬರೀಶ್ ನನ್ನ ಮಾತು ಒಪ್ಪಿ ನಿಮ್ಮ ಕೋಣೆಗೆ ಜೊತೆಗೆ ಬಂದರು. ನೀವು ಅವರನ್ನು ಹೊರಗೆ ಕೂರಿಸಿ ನನ್ನನ್ನು ಕೇಳಿದಿರಿ, "ನೀವು ವಾಣಿಜ್ಯದವರು, ಕಿವಿ ವಿಷಯ ನಿಮಗೇನು ಗೊತ್ತು?" ಒಳ್ಳೆಯ ಪ್ರಶ್ನೆ. ಆ ಕಿವಿಗಳ ಲಾಭ ನಷ್ಟ ಬರೆಯಿಸುವಾಗ ಇದೇ ಪ್ರಶ್ನೆ ಏಕೆ ಬರಲಿಲ್ಲ? "ಒಂದು ಕುರ್ಚಿಗೋಸ್ಕರ ಇಡೀ ಪ್ರಬಂಧ ವಾಪಸ್ ತಗೊಳ್ಳೋಕಾಗುತ್ತಾ? ಮೌಲ್ಯಮಾಪನ ಸಮಿತಿ ಬೇರೆ ಬರ್ತಾ ಇದೆ" ಎಂದೂ ಹೇಳಿದಿರಿ. ಕುರ್ಚಿ ಎಷ್ಟು ದೊಡ್ಡ ವಿಷಯವೆಂದು ಬಲ್ಲವರ ಬಾಯಲ್ಲಿ ಆ ಮಾತು ಕೇಳಿ ನನಗೆ ಆಶ್ಚರ್ಯವಾಯಿತು.

ಪ್ರಬಂಧ ಕಪಾಟಿನಲ್ಲಿ ಧೂಳು ತಿನ್ನುವಂಥದ್ದಾಗಿದ್ದರೆ ನಾನೂ ಸುಮ್ಮನಿರುತ್ತಿದ್ದೆನೇನೋ. ಕಿವಿ ಹೋದವರಿಗೆ ಶ್ರವಣ ಯಂತ್ರ ಕೊಡುವ ಶಿಬಿರವನ್ನು ನಿಮ್ಮ ಆಸ್ಪತ್ರೆ ರದ್ದು ಮಾಡಿತು, ಕಿವಿ ನೆಟ್ಟಗಿರುವವರಿಗೆ ಯಂತ್ರವೇಕೆಂದು. ಚಿಕ್ಕಮ್ಮನ ಮಾಲೀಕರು ಕಿವಿಗೆ ಇಟ್ಟುಕೊಳ್ಳುವ ರಬ್ಬರ್ ಬೆಣೆ ಕೊಡುವುದನ್ನೂ ನಿಲ್ಲಿಸಿದ್ದಾರೆ. ಕೇಳಿದರೆ, "ಯೂನಿವರ್ಸಿಟಿಯೋರೇ ಬರ್ದವ್ರಲ್ಲಮ್ಮಾ, ಪ್ಯಾಡೇ ಸಾಕು ಅಂತ. ನಿಮ್ದೂ ಹೆಸ್ರೈತೆ ಅದ್ರಾಗೆ" ಎನ್ನುತ್ತಾರೆ. ಹೌದು, ನನ್ನ ಹೆಸರಿದೆ. ಕೈಯಾರೆ ಕೆಡಿಸಿದವಳಿಗೆ ಅದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ.

ಆದ್ದರಿಂದ ಆ ಪ್ರಬಂಧವನ್ನು ಹಿಂದಕ್ಕೆ ಪಡೆಯಿರಿ. ತಪ್ಪು ಯಾರದೆಂದು ಬರೆಯಬೇಕಾದಲ್ಲಿ ನನ್ನ ಹೆಸರನ್ನೇ ಬರೆಯಿರಿ, ಅಂಬರೀಶರದನ್ನಲ್ಲ. ಅದೇ ಸಮುದಾಯ ಭವನದಲ್ಲಿ ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿ ಪರೀಕ್ಷೆಯನ್ನು ಮತ್ತೆ ಮಾಡಿಸಿ. ಹೆಂಗಸರ ಎದುರಿಗೆ ನಿಂತು, ಬೆನ್ನು ಮಾಡಿ ಕೂರುವುದು ಅವಮಾನವಲ್ಲವೆಂದು ತಿಳಿಹೇಳುವ ಕೆಲಸ ನನ್ನದು.

ಚಿಕ್ಕಮ್ಮನಿಗೆ ಆಗಲೇ ಹೇಳಿದ್ದೇನೆ. ಕೈಗೆ ಕಟ್ಟಿದ ಪಟ್ಟಿಯನ್ನು ನೋಡಿಕೊಳ್ಳುತ್ತಾ ಕೇಳಿದಳು, "ಬರ್ತೀನಿ ಕಣವ್ವಾ. ಆದ್ರೆ ಈ ಸಲ ನಾನು ಫೇಲಾಗ್ಬಿಟ್ರೆ ನಿನ್ನ ಕೆಲ್ಸಕ್ಕೆ ಏನೂ ತೊಂದ್ರೆ ಆಗಲ್ವಾ?"

ಆವತ್ತು ಅವಳು ಅಷ್ಟು ಹುಷಾರಾಗಿ ಹುಬ್ಬು ನೋಡಿದ್ದು ಯಾರಿಗಾಗಿ ಎಂಬುದು ನನಗೆ ಆಗ ತಿಳಿಯಿತು. ಅವಳಿಗೆ ನನ್ನ ತುಟಿ ಕಾಣುವಂತೆ ಎದುರಿಗೆ ಕೂತು, "ಆಗಲ್ಲ ಚಿಕ್ಕಮ್ಮಾ" ಎಂದೆ. ಆ ಮಾತು ಸುಳ್ಳಾದರೂ ಆಗಲಿ. ಪರೀಕ್ಷೆಯ ದಿನ ತಿಳಿಸಿ, ಅವಳನ್ನು ನಾನೇ ಕರೆತರುತ್ತೇನೆ.

ಇಂತಿ,
ಕುರ್ಚಿ ತಿರುಗಿಸಿದ ಕೈಯಿಂದಲೇ ಇದನ್ನು ಬರೆದ
ಕವಿತ, ವಾಣಿಜ್ಯ ಉಪನ್ಯಾಸಕಿ
ದೊಡ್ಡಬಳ್ಳಾಪುರ